ಕಾರವಾರದಿಂದ ಯಲ್ಲಾಪುರಕ್ಕೆ: ಹಕ್ಕಿನ ಕಾಗದಗಳ ಜಾಡಿನಲ್ಲಿ

ಉತ್ತರ ಕನ್ನಡಕ್ಕೆ ಬರುವವರು ಸಾಮಾನ್ಯವಾಗಿ ಗೋಕರ್ಣ, ಮುರ್ಡೇಶ್ವರ, ಯಾಣದ ದಾರಿ ಹಿಡಿಯುತ್ತಾರೆ. ಇಲ್ಲಿ ಬರೆದಿರುವುದು ಅದೇ ಜಿಲ್ಲೆಯ ಇನ್ನೊಂದು ದಾರಿ. ನೆಲ ಬಿಟ್ಟುಕೊಟ್ಟವರು, ನೆಲಕ್ಕಾಗಿ ಅರ್ಜಿ ಹಿಡಿದು ನಿಂತವರು, ಕಡಲ ತಡಿ ಉಳಿಸಿಕೊಳ್ಳಲು ಸಭೆಗೆ ಹೋಗುವವರು ಇರುವ ಊರುಗಳನ್ನು ಹಾದು ಹೋಗುವ ದಾರಿ ಇದು. ಮಾರ್ಚ್ ತಿಂಗಳು ಇದಕ್ಕೆ ಒಳ್ಳೆಯದು. ಆಗ ಆಗರಗಳಲ್ಲಿ ಉಪ್ಪು ಏಳುತ್ತಿರುತ್ತದೆ, ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ ಸುಗ್ಗಿಯ ಸಡಗರ ಇರುತ್ತದೆ, ಘಟ್ಟದ ರಸ್ತೆಗೆ ಮಳೆಯ ಭಯ ಇರುವುದಿಲ್ಲ. ಸೋಮವಾರ ಹೊರಟರೆ ಶಿರಸಿಯ ಕಚೇರಿ ಕೆಲಸ ಗುರುವಾರಕ್ಕೆ ಬೀಳುತ್ತದೆ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೆ ರಜೆ ಎಂಬುದನ್ನು ಮರೆತು ಹೊರಟವರು ಬೀಗ ನೋಡಿ ವಾಪಸಾಗಬೇಕಾಗುತ್ತದೆ. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಇದೇ ಹೊತ್ತಿಗೆ ಬರುತ್ತದೆ. ಜಾತ್ರೆಯ ವರ್ಷವಾದರೆ ಶಿರಸಿಯಲ್ಲಿ ಕೋಣೆ ಮೊದಲೇ ಹಿಡಿದಿಡಬೇಕು.

ಸೋಮವಾರ: ಕಾರವಾರ, ಅರ್ಗಾ, ತೋಡೂರು

ಬೆಳಿಗ್ಗೆ ಕೋಡಿಬಾಗದ ಕಡೆಯಿಂದ ಕಾಳಿ ನದಿಯನ್ನು ನೋಡಿ ಶುರು ಮಾಡಬಹುದು. ಸದಾಶಿವಗಡಕ್ಕೆ ಹೋಗುವ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಮಧ್ಯರಾತ್ರಿ ಕಳೆದ ಮೇಲೆ ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕ ಬದುಕಿ ಬಂದರು. ಅದೇ ಹಗಲು ಹೊತ್ತಾಗಿದ್ದರೆ ಎಂದು ಕಾರವಾರದವರು ಇಂದಿಗೂ ಮಾತಾಡಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಅಲ್ಲಿಂದ ದಕ್ಷಿಣಕ್ಕೆ, ಅಂಕೋಲೆಯ ಕಡೆ. ಎಕ್ಸ್‌ಪ್ರೆಸ್ ಬಸ್ಸು ಹತ್ತಬೇಡಿ, ಸಣ್ಣ ಊರುಗಳಲ್ಲಿ ನಿಲ್ಲಿಸುವುದಿಲ್ಲ. ಲೋಕಲ್ ಬಸ್ಸಾದರೆ ಬಿಣಗಾ, ಅರ್ಗಾ, ಅಮದಳ್ಳಿ, ತೋಡೂರು, ಮುದಗಾ ಎಲ್ಲ ಕಡೆ ಇಳಿಯಬಹುದು. ಬಿಣಗಾ ದಾಟಿದ ಮೇಲೆ ಬಲಗಡೆಗೆ ಕಡಲು ಕಾಣಬೇಕಾದಲ್ಲಿ ಗೋಡೆ ಕಾಣುತ್ತದೆ. ಒಳಗಿರುವುದು ಸೀಬರ್ಡ್ ನೌಕಾನೆಲೆ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಆ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ, ಫೋಟೊ ನಿಷಿದ್ಧ.

ಗೋಡೆಯ ಒಳಗೆ ಹೋದ ಊರುಗಳ ಜನರಿಗೆ ಸಿಕ್ಕ ಹೆಸರು ‘ಸೀಬರ್ಡ್ ನಿರಾಶ್ರಿತರು’. ಅವರ ಪುನರ್ವಸತಿ ಕೇಂದ್ರಗಳು ತೋಡೂರು, ಮುದಗಾ ಮುಂತಾದ ಕಡೆ ಇವೆ. ಭೂಸ್ವಾಧೀನದಲ್ಲಿ ಹಣ ಎಲ್ಲಿ ಕೈತಪ್ಪುತ್ತದೆ ಎಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಜಿಲ್ಲೆಯಲ್ಲಿ ಹೆದ್ದಾರಿ, ರೈಲು, ಬಂದರು ಎಂದು ಇನ್ನೂ ಜಮೀನು ಹೋಗುತ್ತಲೇ ಇರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಅಧಿಕಾರಿ ನಿಗದಿ ಮಾಡಿದ ದರ ಕಡಿಮೆ ಎನಿಸಿದರೆ 18ನೇ ಕಲಮಿನಡಿ ನ್ಯಾಯಾಲಯಕ್ಕೆ ಕಳಿಸಿ ಎಂದು ಅರ್ಜಿ ಕೊಡಬೇಕಿತ್ತು. ದರ ನಿಗದಿಯ ಆದೇಶ, ಅಂದರೆ ಐತೀರ್ಪು, ಆಗುವ ಹೊತ್ತಿಗೆ ಹಾಜರಿದ್ದವರಿಗೆ ಅದಕ್ಕೆ ಆರೇ ವಾರ. ಇದಕ್ಕಿಂತ ದೊಡ್ಡ ಹೊಂಡ 31ನೇ ಕಲಮಿನಲ್ಲಿತ್ತು. ತಕರಾರು ದಾಖಲಿಸದೆ ಚೆಕ್ ತೆಗೆದುಕೊಂಡವರಿಗೆ ಆಮೇಲೆ 18ನೇ ಕಲಮಿನಡಿ ಹೆಚ್ಚಿನ ಪರಿಹಾರ ಕೇಳುವ ದಾರಿ ಮುಚ್ಚಿಹೋಗುತ್ತಿತ್ತು. ಸಹಿ ಮಾಡುವ ಜಾಗದಲ್ಲಿ ‘ತಕರಾರಿಗೆ ಒಳಪಟ್ಟು ಸ್ವೀಕರಿಸಿದ್ದೇನೆ’ ಎಂಬ ಒಂದು ಸಾಲು ಬರೆಯುವುದು, ಬರೆಯದಿರುವುದು ಒಂದು ಕುಟುಂಬದ ಮುಂದಿನ ಮೂವತ್ತು ವರ್ಷವನ್ನು ತೀರ್ಮಾನಿಸುತ್ತಿತ್ತು. ಮೀನು ಹಿಡಿದು, ಗದ್ದೆ ಮಾಡಿಕೊಂಡು ಬದುಕುವವರಿಗೆ ಈ ಸಾಲನ್ನು ಕಚೇರಿಯೇ ತಿಳಿಸಿ ಹೇಳಬೇಕಾದದ್ದು ನ್ಯಾಯ.

ಅರ್ಜಿ ಕೊಡದೆ ಉಳಿದವರಿಗೆ 28ಎ ಕಲಮು ಒಂದು ಕಿಟಕಿ ತೆರೆದಿಟ್ಟಿತ್ತು. ಒಂದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡ ನೆರೆಯವನಿಗೆ ನ್ಯಾಯಾಲಯ ದರ ಹೆಚ್ಚಿಸಿದರೆ, ಆ ತೀರ್ಪಿನ ದಿನದಿಂದ 3 ತಿಂಗಳೊಳಗೆ ತನಗೂ ಅದೇ ದರ ಕೊಡಿ ಎಂದು ಕೇಳಬಹುದಿತ್ತು. ಸೀಬರ್ಡ್ ನಿರಾಶ್ರಿತರ 28ಎ ಪ್ರಕರಣಗಳು ದಶಕಗಟ್ಟಲೆ ಎಳೆದದ್ದು ಜಿಲ್ಲೆಗೆಲ್ಲ ಗೊತ್ತು. ಮೂಲ ಮಾಲೀಕರು ತೀರಿಕೊಂಡು, ವಾರಸುದಾರರು ನಾಲ್ಕಾರು ಊರಿಗೆ ಚದುರಿ, ಪ್ರತಿ ಸಲವೂ ವಂಶಾವಳಿ ಹೊಸದಾಗಿ ಮಾಡಿಸಬೇಕಾಗಿ ಬರುತ್ತದೆ. 2013ರ ಹೊಸ ಭೂಸ್ವಾಧೀನ ಕಾಯ್ದೆಯಲ್ಲೂ 64, 73, 77ನೇ ಕಲಮುಗಳಲ್ಲಿ ಇದೇ ವ್ಯವಸ್ಥೆ ಉಳಿದಿದೆ, ತಕರಾರಿನ ಸಾಲು ಸಹಿತ. ಹೆದ್ದಾರಿಗೆ ಬೇರೆಯದೇ ಕಾಯ್ದೆ ಇದೆ, ಅಲ್ಲಿ ದರದ ತಕರಾರು ಮಧ್ಯಸ್ಥಿಕೆದಾರರ ಮುಂದೆ ಹೋಗುತ್ತದೆ. ಆದ್ದರಿಂದ ನೋಟಿಸು ಕೈಗೆ ಬಂದಾಗ ಯಾವ ಕಾಯ್ದೆಯಡಿ ಬಂದಿದೆ ಎಂದು ಮೊದಲ ಸಾಲಿನಲ್ಲೇ ನೋಡಿಕೊಳ್ಳಿ.

ಸಂಜೆಗೆ ಅಂಕೋಲೆ ತಲುಪಿದರೆ ಸಾಕು.

ಮಂಗಳವಾರ: ಅಂಕೋಲಾ, ಶಿರೂರು, ಕೇಣಿ

1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರು. ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಆ ದಿನ ನೆಲೆ ಸಿಕ್ಕಿತು. ಊರಿನಲ್ಲಿ ಅದರ ಸ್ಮಾರಕ ಭವನ ಇದೆ.

ಉಪ್ಪು ಮಾಡುವುದು ಹೇಳಿದಷ್ಟು ಸುಲಭದ ಕೆಲಸವಲ್ಲ. ಒಂದು ಲೀಟರ್ ಕಡಲ ನೀರಿನಲ್ಲಿ ಒಟ್ಟು 35 ಗ್ರಾಂನಷ್ಟು ಲವಣಗಳಿರುತ್ತವೆ. ಊಟಕ್ಕೆ ಬೇಕಾದ ಉಪ್ಪು ಅದರಲ್ಲಿ ಸುಮಾರು 27 ಗ್ರಾಂ. ಕುದಿಸಿ ಪೂರ್ತಿ ಬತ್ತಿಸಿದರೆ ಮೆಗ್ನೀಸಿಯಂ ಲವಣಗಳೂ ತಳಕ್ಕೆ ಕೂತು ಉಪ್ಪು ಕಹಿಯಾಗುತ್ತದೆ, ಗಾಳಿಗೆ ಬೇಗ ನೀರೊಡೆಯುತ್ತದೆ. ಹರಳು ಕಟ್ಟಿದ ಮೇಲೆ ಉಳಿದ ಕಹಿ ನೀರನ್ನು ಚೆಲ್ಲಿಬಿಡಬೇಕು. ಒಂದು ಬೊಗಸೆ ಉಪ್ಪಿಗೆ ಬೇಕಾದ ಕೊಡಗಟ್ಟಲೆ ನೀರು, ಸೌದೆ, ಜೊತೆಗೆ ಪೊಲೀಸರು ಬರುವ ಭಯ, ಇಷ್ಟನ್ನೂ ಲೆಕ್ಕ ಹಾಕಿ ನೋಡಿದರೆ ಅಂದಿನ ಜನರ ಎದೆಗಾರಿಕೆ ಅರ್ಥವಾಗುತ್ತದೆ. ಉಪ್ಪಿನ ಹಿಂದೆಯೇ ಕರನಿರಾಕರಣೆ ಬಂತು. ಅಂಕೋಲಾ, ಸಿದ್ದಾಪುರ ತಾಲ್ಲೂಕುಗಳ ರೈತರು ಕಂದಾಯ ಕಟ್ಟಲಿಲ್ಲ. ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜು ಹಾಕಿತು. ಈ 1930ನೇ ಇಸವಿಯನ್ನು ನೆನಪಿಟ್ಟುಕೊಳ್ಳಿ, ಶಿರಸಿಯಲ್ಲಿ ಮತ್ತೆ ಬೇಕಾಗುತ್ತದೆ.

ಅಂಕೋಲೆಯಿಂದ ದಕ್ಷಿಣಕ್ಕೆ ಹೆದ್ದಾರಿ 66ರಲ್ಲಿ ಶಿರೂರು. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿ ಗುಡ್ಡ ಜಾರಿ ರಸ್ತೆ ಬದಿಯ ಚಹಾ ಅಂಗಡಿ, ನಿಂತಿದ್ದ ವಾಹನಗಳು, ಅಲ್ಲಿದ್ದ ಜನ, ಎಲ್ಲ ಗಂಗಾವಳಿ ನದಿಗೆ ಹೋದವು. ಮಣ್ಣು ಬಿದ್ದ ಹೊಡೆತಕ್ಕೆ ನದಿ ಉಕ್ಕಿ ಎದುರು ದಡದ ಉಳವರೆಯ ಮನೆಗಳೂ ಕೊಚ್ಚಿಹೋದವು. ಕೇರಳದ ಚಾಲಕರೊಬ್ಬರ ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಮಣ್ಣಿನ ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಭಾರ ಹೊರುವ ಆಸರೆ ಹೋಗುತ್ತದೆ. ಮಳೆನೀರು ಇಂಗಿ ಮಣ್ಣು ನೆನೆದಂತೆ ತೂಕ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ. ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು, ಓರೆಯಾದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆ ನೀರು, ಇವು ಮೊದಲೇ ಕಾಣುವ ಗುರುತುಗಳು. ಮಳೆಗಾಲದಲ್ಲಿ ಈ ರಸ್ತೆಯಲ್ಲಿ ಹೋಗುವವರು ಕಡಿದ ಗುಡ್ಡದ ಕೆಳಗೆ ಚಹಾಕ್ಕೂ ಗಾಡಿ ನಿಲ್ಲಿಸಬಾರದು.

ದೇಹ ಸಿಗದಿದ್ದರೆ ಮನೆಯವರ ಕಷ್ಟ ಎರಡುಪಟ್ಟು. ಸಾಕ್ಷ್ಯ ಕಾನೂನಿನ ಪ್ರಕಾರ 7 ವರ್ಷ ಸುದ್ದಿಯಿಲ್ಲದಿದ್ದರೆ ಮಾತ್ರ ವ್ಯಕ್ತಿ ತೀರಿಕೊಂಡಿದ್ದಾನೆಂದು ಭಾವಿಸಲಾಗುತ್ತದೆ. ಮರಣ ಪ್ರಮಾಣಪತ್ರ ಇಲ್ಲದೆ ವಿಮೆ, ಪಿಂಚಣಿ, ಪಹಣಿ ಬದಲಾವಣೆ ಯಾವುದೂ ಮುಂದೆ ಸಾಗುವುದಿಲ್ಲ. ವಿಪತ್ತಿನಲ್ಲಿ ಸರ್ಕಾರ ವಿಶೇಷ ಆದೇಶ ಹೊರಡಿಸಬಹುದು, ಆದರೆ ಅದಕ್ಕೆ ಬೆನ್ನು ಹತ್ತಿ ಕೇಳುವವರು ಬೇಕು. ಇಂಥ ದುರಂತದಲ್ಲಿ ನೊಂದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ.

ಮಧ್ಯಾಹ್ನ ಮೇಲೆ ಕೇಣಿ. ಇಲ್ಲಿ ಬಂದರು ಬರುತ್ತದೆಂದು ಮೀನುಗಾರರು 2025ರಲ್ಲಿ ದೊಡ್ಡ ಹೋರಾಟ ಮಾಡಿದರು. ಇಂಥ ಯೋಜನೆಗೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಅಹವಾಲು ಸಭೆ ಆಗಬೇಕು. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಭೆಯ ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಈ ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಲೇಬೇಕೆಂಬ ನಿಯಮ, ಇಲ್ಲ. ಸಿಟ್ಟಿಗೆದ್ದು ಹೊರನಡೆದರೂ ಸಭೆ ಆದಂತೆಯೇ ಲೆಕ್ಕ, ಹೊರನಡೆದವರ ಮಾತು ಮಾತ್ರ ನಡಾವಳಿಗೆ ಸೇರುವುದಿಲ್ಲ. ಆದ್ದರಿಂದ ಘೋಷಣೆ ಕೂಗುವವರೂ ಆಕ್ಷೇಪಣೆಯನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಕೊನೆಯ ಓದು ಮುಗಿಯುವವರೆಗೆ ಇಬ್ಬರಾದರೂ ಕೂತಿರಬೇಕು.

ಬುಧವಾರ: ಸಾಣಿಕಟ್ಟಾ, ಅಘನಾಶಿನಿ, ದೇವಿಮನೆ ಘಟ್ಟ

ಈ ದಿನ ಹೆಚ್ಚು ಪ್ರಯಾಣದ್ದು. ಮಾದನಗೇರಿ ಕ್ರಾಸಿನಲ್ಲಿ ಗೋಕರ್ಣದ ಕಡೆ ತಿರುಗಿದರೆ ಸಾಣಿಕಟ್ಟೆಯ ಆಗರಗಳು. ಬೆಳಿಗ್ಗೆ ಬೇಗ ಹೋದರೆ ಉಪ್ಪು ಎಳೆಯುವುದನ್ನು ನೋಡಬಹುದು. ಹತ್ತು ಗಂಟೆ ದಾಟಿದರೆ ಬಿಳಿ ನೆಲದ ಝಳಕ್ಕೆ ಕಣ್ಣು ಬಿಡಲಾಗುವುದಿಲ್ಲ. ಒಂದು ಅಕಾಲ ಮಳೆ ಬಂದರೆ ಪಾಕವಾದ ನೀರು ಮತ್ತೆ ತೆಳುವಾಗಿ ವಾರಗಳ ದುಡಿಮೆ ಹೋಗುತ್ತದೆ.

ಅಘನಾಶಿನಿಯ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಬಂತು. ಇಳಿತದ ಹೊತ್ತಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರನ್ನು, ಅಳಿವೆಯಂಚಿನ ಗಜನಿ ಗದ್ದೆಗಳನ್ನು ಇಲ್ಲಿ ನೋಡಬಹುದು. ಉಪ್ಪು ನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಇದೇ ಗಜನಿಗಳಲ್ಲಿ. ಭರತ ಇಳಿತದ ಹೊತ್ತು ದಿನದಿನಕ್ಕೂ ಮುಕ್ಕಾಲು ಗಂಟೆಗೂ ಮಿಕ್ಕಿ ತಡವಾಗುತ್ತ ಹೋಗುತ್ತದೆ, ಹಿಂದಿನ ದಿನವೇ ಮೀನುಗಾರರನ್ನು ಕೇಳಿಕೊಳ್ಳಿ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿದರೆ ಶಿರಸಿ. ರಸ್ತೆ ಅಗಲ ಮಾಡುವ ಕೆಲಸಕ್ಕಾಗಿ ಈ ಘಟ್ಟವನ್ನು ಆಗಾಗ ಮುಚ್ಚಿದ್ದಾರೆ, ಬಸ್‌ನಿಲ್ದಾಣದಲ್ಲಿ ವಿಚಾರಿಸಿಯೇ ಹೊರಡಬೇಕು.

ಗುರುವಾರ: ಶಿರಸಿ

1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯ ಯುವಕರು ಕಳಸೆ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತು ಅಪ್ಪಿಕೋ ಚಳವಳಿಯದು. ಮೂರನೆಯ ಮಾತನ್ನು ಹೊರಗಿನವರು ಬಿಟ್ಟೇ ಬಿಡುತ್ತಾರೆ. ಕಾಡಿನ ಪಕ್ಕದ ಜನ ಕಾಡನ್ನು ಬಳಸಿಯೇ ಬದುಕಬೇಕು. ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವಿಲ್ಲದೆ ಇಲ್ಲಿಯ ಅಡಿಕೆ ತೋಟ ಇಲ್ಲ.

ಆ ಬಳಕೆಯ ಹಕ್ಕಿನ ಕಾಗದ ನೋಡಬೇಕಾದರೆ ಉಪವಿಭಾಗಾಧಿಕಾರಿ ಕಚೇರಿಯ ಮುಂದೆ ಹೋಗಬೇಕು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಮಾಸಿದ ಜೆರಾಕ್ಸ್ ಕಟ್ಟು ಹಿಡಿದವರು ಅಲ್ಲಿ ಕೂತಿರುತ್ತಾರೆ. ಊರಲ್ಲಿ ಇವರನ್ನು ‘ಅತಿಕ್ರಮಣದಾರರು’ ಎನ್ನುತ್ತಾರೆ. ಅಜ್ಜನ ಕಾಲದ ಮನೆಯಲ್ಲಿ ಇರುವವರಿಗೆ ಈ ಹೆಸರು ಎಷ್ಟು ಚುಚ್ಚುತ್ತದೆ ಎಂದು ಯೋಚಿಸಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಇವರನ್ನು ಕರೆಯುವುದು ಅರಣ್ಯವಾಸಿಗಳು ಎಂದು. ಅರ್ಜಿಯ ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸಬಾರದು ಎಂದು ಅದರ 4(5)ನೇ ಕಲಮು ಹೇಳುತ್ತದೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಅರ್ಜಿ ತಿರಸ್ಕೃತರಾದವರನ್ನು ಎಬ್ಬಿಸಲು ಆದೇಶಿಸಿ, ಅದೇ 28ಕ್ಕೆ ಆ ಆದೇಶವನ್ನು ತಡೆಹಿಡಿಯಿತು. ಆ ಎರಡು ವಾರ ಘಟ್ಟದ ಕೇರಿಗಳಲ್ಲಿ ಹರಡಿದ್ದ ಭಯ ಸಣ್ಣದಲ್ಲ.

ಕೆಲಸ ನಡೆಯುವುದು ಹೀಗೆ. ವೈಯಕ್ತಿಕ ಹಕ್ಕಿಗೆ ‘ಎ’ ನಮೂನೆ, ಸಮುದಾಯದ ಹಕ್ಕಿಗೆ ‘ಬಿ’, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ‘ಸಿ’. ಅರ್ಜಿ ಹೋಗುವುದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ. ಅರಣ್ಯ ಇಲಾಖೆಗೆ ಕೊಟ್ಟರೆ ಅದು ಅರ್ಜಿಯೇ ಅಲ್ಲ. ಸಮಿತಿ ಸ್ವೀಕೃತಿ ಕೊಡಬೇಕು, ಮುಂಚಿತವಾಗಿ ತಿಳಿಸಿ ಸ್ಥಳಕ್ಕೆ ಬರಬೇಕು, ಆಮೇಲೆ ಗ್ರಾಮಸಭೆ ಠರಾವು ಮಾಡಬೇಕು. ಅಲ್ಲಿಂದ ಉಪವಿಭಾಗ ಸಮಿತಿ, ಕೊನೆಗೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಸಮಿತಿ. 2005ರ ಡಿಸೆಂಬರ್ 13ಕ್ಕೆ ಮುಂಚೆ ಭೂಮಿ ಸ್ವಾಧೀನದಲ್ಲಿರಬೇಕು. ಹೆಚ್ಚೆಂದರೆ 4 ಹೆಕ್ಟೇರ್, ಅಂದರೆ ಹತ್ತಿರಹತ್ತಿರ ಹತ್ತು ಎಕರೆ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಬರುತ್ತದೆ, ಮಕ್ಕಳಿಗೆ ಸಲ್ಲುತ್ತದೆ, ಮಾರಲು ಬರುವುದಿಲ್ಲ.

ಪರಿಶಿಷ್ಟ ಪಂಗಡದವರಿಗೆ ಇಷ್ಟು ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. 2005ರಿಂದ 75 ಕಳೆದರೆ 1930. ಅಂಕೋಲೆಯಲ್ಲಿ ಉಪ್ಪು ಮಾಡಿದ ವರ್ಷ, ಕಂದಾಯ ಕಟ್ಟದವರ ಜಮೀನು ಹರಾಜಾಗುತ್ತಿದ್ದ ಕಾಲ. ಆಗ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಕಾಡಂಚಿನಲ್ಲಿ ಕೂಲಿ ಮಾಡಿಕೊಂಡಿದ್ದ ಮನೆಗೆ ಆ ವರ್ಷದ ಕಾಗದ ಎಲ್ಲಿಂದ ಬರಬೇಕು? ಪರಕೀಯ ಸರ್ಕಾರ ಬರೆದಿಡದ ಹೆಸರನ್ನು ಸ್ವತಂತ್ರ ದೇಶದ ಪ್ರಜೆಯಿಂದ ಕೇಳುವುದು ಅನ್ಯಾಯ. ಈ ಷರತ್ತು ಹೋಗಬೇಕು ಎಂಬ ಬೇಡಿಕೆ ಸರಿಯಾದದ್ದು.

ಹೋಗುವವರೆಗೆ ಕೈಯಲ್ಲಿರುವ ದಾರಿಗಳನ್ನಾದರೂ ಪೂರ್ತಿ ಬಳಸಬೇಕು. 75 ವರ್ಷದ ಮಾತು ವಾಸಕ್ಕೆ ಸಂಬಂಧಿಸಿದ್ದು, ಅದೇ ತುಂಡು ಭೂಮಿಯನ್ನು 75 ವರ್ಷ ಸಾಗುವಳಿ ಮಾಡಿರಬೇಕಿಲ್ಲ ಎಂದು ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯವೇ ಸ್ಪಷ್ಟಪಡಿಸಿದೆ. ನಿಯಮ 13ರಲ್ಲಿ ಹೇಳಿದ ಸಾಕ್ಷ್ಯಗಳಲ್ಲಿ ಎರಡಿದ್ದರೆ ಸಾಕು, ಇಂಥದೇ ಕಾಗದ ತಾ ಎಂದು ಒತ್ತಾಯಿಸುವಂತಿಲ್ಲ. ಹಳೆಯ ಬಾವಿ, ಸ್ಮಶಾನ, ಬನ, ಒಡ್ಡು ಸಾಕ್ಷ್ಯವಾಗುತ್ತವೆ. ಗೆಜೆಟಿಯರ್ ಕೂಡ ಆಗುತ್ತದೆ. 1883ರಲ್ಲಿ ಬಂದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಹಾಲಕ್ಕಿಗಳ, ಸಿದ್ದಿಗಳ, ಕುಣಬಿಗಳ ವಿವರ ಇದೆ. ಅದರ ಸಂಬಂಧಪಟ್ಟ ಪುಟದ ಪ್ರತಿ ಲಗತ್ತಿಸಿದರೆ ಒಂದು ಸಾಕ್ಷ್ಯ ಕೈಯಲ್ಲಿದ್ದಂತೆ.

ಅರ್ಜಿಗಳು ಬೀಳುವ ಕಾರಣಗಳು ಮತ್ತೆಮತ್ತೆ ಅವೇ. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು, ಅದರಲ್ಲಿ ಮೂರನೇ ಒಂದು ಪಾಲು ಮಹಿಳೆಯರು ಇಲ್ಲದೆ ಮಾಡಿದ ಠರಾವು ನಿಲ್ಲುವುದಿಲ್ಲ. ಮತದಾರರ ಪಟ್ಟಿಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು. ಜಿಪಿಎಸ್ ಸರ್ವೆ ಅಣ್ಣನ ಹೆಸರಲ್ಲಿ, ಅರ್ಜಿ ತಮ್ಮನ ಹೆಸರಲ್ಲಿ. ಹಿರಿಯರ ಹೇಳಿಕೆ ಎಂದು ಅರ್ಜಿದಾರರು ತಮ್ಮದನ್ನೇ ಬರೆಸಿರುತ್ತಾರೆ. ಹೇಳಿಕೆ ಕೊಡುವವರು ಅರ್ಜಿದಾರರಲ್ಲದ ಹಿರಿಯರಾಗಿರಬೇಕು. ತಿರಸ್ಕಾರವಾದರೆ ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು, ಅಲ್ಲಿಂದ 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಕಾರಣ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕಡತದ ನಕಲು ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕಷ್ಟವನ್ನೆಲ್ಲ ಎರಡು ಪುಟ ಬರೆದ ಅರ್ಜಿ ಆ ಕಾರಣಕ್ಕೇ ವಾಪಸು ಬರುತ್ತದೆ. ‘ಇಂಥ ಸಂಖ್ಯೆಯ ಅರ್ಜಿಯ ಪೂರ್ಣ ಕಡತದ ಪ್ರತಿ’ ಎಂದಷ್ಟೇ ಬರೆದರೆ ಕೆಲಸ ಆಗುತ್ತದೆ.

ಹೊತ್ತಿದ್ದರೆ ಸಿದ್ದಾಪುರದ ಆಚೆ ಮಾವಿನಗುಂಡಿಗೆ ಹೋಗಬಹುದು. ಕರನಿರಾಕರಣೆಯಲ್ಲಿ ಜಪ್ತಿಯಾದ ಜಮೀನನ್ನು ಕೊಂಡವರ ಮನೆ ಮುಂದೆ ಈ ಭಾಗದ ಹೆಂಗಸರು ಸತ್ಯಾಗ್ರಹ ಕೂತಿದ್ದರು.

ಶುಕ್ರವಾರ: ಯಲ್ಲಾಪುರ, ಅರಬೈಲ್, ಮಾಸ್ತಿಕಟ್ಟೆ, ಹೊನ್ನಳ್ಳಿ

ಶಿರಸಿಯಿಂದ ಯಲ್ಲಾಪುರಕ್ಕೆ ಐವತ್ತು ಕಿಲೋಮೀಟರಿನಷ್ಟು ದಾರಿ. ಈ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದಿದ್ದರು. ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಕೇರಿಗೆ ಹೋದವರು ಡಮಾಮಿ ಕುಣಿತ ತೋರಿಸಿ ಎಂದು ಕೇಳಬೇಡಿ, ಕೂದಲು ಮುಟ್ಟಿ ನೋಡಬೇಡಿ, ಕೇಳದೆ ಫೋಟೊ ತೆಗೆಯಬೇಡಿ. ಇವು ಅಲ್ಲಿ ನಿತ್ಯ ನಡೆಯುವ ಅವಮಾನಗಳು. ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿದ ಕೌದಿ ಬೇಕಿದ್ದರೆ ಹೊಲಿದವರಿಂದಲೇ, ಅವರು ಹೇಳಿದ ಬೆಲೆಗೆ ಕೊಳ್ಳಿ. ಒಂದು ಕೌದಿಗೆ ಎಷ್ಟು ದಿನದ ಹೊಲಿಗೆ ಎಂದು ಕೇಳಿದವರು ಚೌಕಾಸಿಗೆ ಇಳಿಯಲಾರರು.

ಅರಬೈಲ್ ಘಟ್ಟ ಇಳಿಯುವ ಹಾದಿಯಲ್ಲಿ ಮಾಸ್ತಿಕಟ್ಟೆ. ಇಲ್ಲಿಯ ಅರಣ್ಯ ಇಲಾಖೆ ನರ್ಸರಿಯಲ್ಲಿ ತುಳಸಿ ಗೌಡರು ದಶಕಗಳ ಕಾಲ ದಿನಗೂಲಿಗೆ ಸಸಿ ಬೆಳೆಸಿದರು. ಬೀಜ ಯಾವಾಗ ಹೆಕ್ಕಬೇಕು, ಯಾವ ತಾಯಿ ಮರದ್ದು ಚೆನ್ನಾಗಿ ಮೊಳೆಯುತ್ತದೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತವಾಗಿತ್ತು. ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋದವರು, 2024ರ ಡಿಸೆಂಬರ್ 16ರಂದು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯಲ್ಲಿ ತೀರಿಕೊಂಡರು. ಎರಡು ತಿಂಗಳು ಕಳೆಯುವಷ್ಟರಲ್ಲಿ, 2025ರ ಫೆಬ್ರವರಿ 13ರಂದು, ಬಡಗೇರಿಯ ಸುಕ್ರಿ ಬೊಮ್ಮಗೌಡರೂ ಹೋದರು. ಹಾಡಿನ ಕಣಜ ಎಂದು ಹೆಸರಾದ ಅವರು ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿ ನಿಲ್ಲಿಸಿದವರು.

ಇಬ್ಬರೂ ಹಾಲಕ್ಕಿ ಒಕ್ಕಲಿಗರು. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಈ ಸಮುದಾಯ ಬಹುಕಾಲದಿಂದ ಕೇಳುತ್ತಿದೆ. ರಾಜ್ಯ ಸರ್ಕಾರ ಕುಲಶಾಸ್ತ್ರೀಯ ಅಧ್ಯಯನದೊಂದಿಗೆ ಶಿಫಾರಸು ಮಾಡಬೇಕು, ಭಾರತದ ರಿಜಿಸ್ಟ್ರಾರ್ ಜನರಲ್ ಮತ್ತು ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ ಎರಡೂ ಒಪ್ಪಬೇಕು, ಆಮೇಲೆ ಸಂಸತ್ತಿನಲ್ಲಿ ಮಸೂದೆ ಬರಬೇಕು. ಅಲ್ಲಿಯವರೆಗೆ ಕಾಡಿನಂಚಿನ ಹಾಲಕ್ಕಿ ಮನೆಯ ಅರ್ಜಿಗೂ 1930ರ ಸಾಕ್ಷ್ಯ ಬೇಕು.

1930ಕ್ಕೆ ಮುಂಚೆ ಹುಟ್ಟಿದವರಿಗೆ ಈಗ ತೊಂಬತ್ತೈದು ದಾಟಿದೆ. ಹಾಗಾಗಿ ಊರಿನ ಅರಣ್ಯ ಹಕ್ಕು ಸಮಿತಿಗಳು ಉಳಿದ ಕೆಲಸ ಬದಿಗಿಟ್ಟು ಮೊದಲು ಹಿರಿಯರ ಹೇಳಿಕೆ ಬರೆಸಿಕೊಳ್ಳುವುದು ಒಳ್ಳೆಯದು. ಹೇಳುವವರ ಹೆಸರು, ವಯಸ್ಸು, ತಂದೆಯ ಹೆಸರು, ಯಾವ ಮನೆಯಲ್ಲಿ ಯಾರಿದ್ದರು, ಬಾವಿ ಯಾರು ತೋಡಿಸಿದರು, ಸ್ಮಶಾನ ಎಲ್ಲಿತ್ತು ಎಂದು ಅವರ ಮಾತಿನಲ್ಲೇ ಬರೆಯಿರಿ. ಓದಿ ಹೇಳಿ, ಹೆಬ್ಬೆಟ್ಟು ಅಥವಾ ಸಹಿ ಹಾಕಿಸಿ. ಸಂಬಂಧಿಕರಲ್ಲದ ಇಬ್ಬರ ಸಾಕ್ಷಿ ಸಹಿ, ತಾರೀಕು, ಸಮಿತಿಯ ಮುದ್ರೆ ಇರಲಿ. ಫೋನಿನಲ್ಲಿ ಧ್ವನಿಯನ್ನೂ ಹಿಡಿದಿಡಿ. ಮೂರು ಪ್ರತಿ ಮಾಡಿ, ಒಂದು ಅರ್ಜಿಯ ಜೊತೆಗೆ, ಒಂದು ಸಮಿತಿಯ ಕಡತಕ್ಕೆ, ಒಂದು ಆ ಹಿರಿಯರ ಮನೆಗೆ ಕೊಡಿ.